ಹೊಸ್ತಿಲಾಚೆಯ ಕತೆಗಳು

ಸಾರಿನ ಪುಡಿಗೂ ಹುಳಿಪುಡಿಗೂ ಏನು ವ್ಯತ್ಯಾಸ ಎಂದು ಮನೆಯ ಗಂಡಸರು ಕೇಳಿದಾಗ ನಮಗೆ ನಗು ಬರುತ್ತದೆ. ಎರಡರಲ್ಲೂ ಕೊತ್ತಂಬರಿ ಬೀಜ ಇರುತ್ತದೆ, ಒಣಮೆಣಸಿನಕಾಯಿ ಇರುತ್ತದೆ, ಮೆಂತ್ಯ, ಇಂಗು ಇರುತ್ತವೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಬಣ್ಣವೂ ಹೆಚ್ಚುಕಡಿಮೆ ಒಂದೇ. ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಊಟಕ್ಕೆ ಕುಳಿತವರಿಗೆ ಮೊದಲ ತುತ್ತಿನಲ್ಲೇ ಗೊತ್ತಾಗಿಬಿಡುತ್ತದೆ. ಸಾಮಾನು ಒಂದೇ ಆಗಿರಬಹುದು. ಯಾವುದಕ್ಕಾಗಿ ಹುರಿದದ್ದು, ಯಾವುದನ್ನು ಮುಂದು ಮಾಡಿದ್ದು ಎನ್ನುವುದರ ಮೇಲೆ ಅದರ ಹೆಸರು ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂದು ಕರೆಯುವ ಕತೆಗಳ ವಿಷಯವೂ ಹೀಗೆಯೇ ಎಂದು ನನಗನ್ನಿಸುತ್ತದೆ. ಎಲ್ಲದರಲ್ಲೂ ಮಾಂತ್ರಿಕರಿದ್ದಾರೆ, ಕತ್ತಿಯಿದೆ, ಬೆಂಕಿಯುಗುಳುವ ಡ್ರ್ಯಾಗನ್ ಇದೆ, ಕಾಡಿದೆ, ಕೋಟೆಯಿದೆ. ದೂರದಿಂದ ನೋಡುವವರಿಗೆ ಎಲ್ಲವೂ ಒಂದೇ ರಾಶಿ. ಆದರೆ ಒಳಗೆ ಹೋದರೆ ಒಂದೊಂದರ ರುಚಿಯೇ ಬೇರೆ. ಇಂಗ್ಲಿಷಿನ ವಿಮರ್ಶಕರೂ ಪ್ರಕಾಶಕರೂ ಇವನ್ನು ಬೇರೆ ಬೇರೆ ಹೆಸರಿಟ್ಟು ವಿಂಗಡಿಸುತ್ತಾರೆ. ಹೈ ಫ್ಯಾಂಟಸಿ, ಲೋ ಫ್ಯಾಂಟಸಿ, ಅರ್ಬನ್ ಫ್ಯಾಂಟಸಿ, ಪೋರ್ಟಲ್ ಫ್ಯಾಂಟಸಿ, ಗ್ರಿಮ್‌ಡಾರ್ಕ್, ಈಚಿನ ರೊಮ್ಯಾಂಟಸಿ... ಪಟ್ಟಿ ಬೆಳೆಯುತ್ತಲೇ ಇದೆ.

ನನಗೆ ಈ ವಿಂಗಡಣೆಯ ಗೊಡವೆ ಬಂದದ್ದು ಶಾಲೆಯಿಂದ. ನಮ್ಮ ಶಾಲೆಯ ಗ್ರಂಥಾಲಯವೆಂದರೆ ಎರಡು ಉಕ್ಕಿನ ಬೀರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯವರೆಲ್ಲ ಓದಿ ಮುಗಿಸಿದ ಇಂಗ್ಲಿಷ್ ಪುಸ್ತಕಗಳನ್ನು ಮೂರು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದಳು. ಮುಕ್ಕಾಲು ಪಾಲು ಫ್ಯಾಂಟಸಿ. ನಾನು ಅವುಗಳಿಗೆ ನಂಬರು ಹಾಕುವ ಮೊದಲೇ ಮಕ್ಕಳು ಕೈಹಾಕಿದ್ದರು. ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಎರಡು ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು.

“ಮಿಸ್, ಇಷ್ಟು ದಪ್ಪ ಪುಸ್ತಕ ಓದ್ತಾಳೆ, ಸಮಾಜ ಪುಸ್ತಕ ಮುಟ್ಟಲ್ಲ. ಬರೀ ಮಾಟ, ಮಂತ್ರ, ರಾಕ್ಷಸರು. ಇದರಿಂದ ಏನು ಬರುತ್ತೆ ಹೇಳಿ?” ಎಂದರು.

“ಎರಡರಲ್ಲಿ ಯಾವುದಮ್ಮ ನಿಮಗೆ ಬೇಡ ಅನ್ನಿಸಿದ್ದು?” ಎಂದು ಕೇಳಿದೆ.

“ಎಲ್ಲ ಒಂದೇ ಅಲ್ವಾ ಮಿಸ್?” ಎಂದರು ಆಕೆ.

ಆ ಪುಸ್ತಕಗಳಲ್ಲಿ ಒಂದು ಸಿ.ಎಸ್. ಲೂಯಿಸ್ ಮಕ್ಕಳಿಗಾಗಿ 1950ರಲ್ಲಿ ಬರೆದ ನಾರ್ನಿಯಾದ ಕತೆ. ಇನ್ನೊಂದು ಅಮೆರಿಕದ ಸಾರಾ ಜೆ. ಮಾಸ್ 2015ರಲ್ಲಿ ಬರೆದ, ದೊಡ್ಡವರು ಓದುವ ಪ್ರಣಯ ಕಾದಂಬರಿ. ಎರಡರ ಹೊದಿಕೆಯ ಮೇಲೂ ಬಳ್ಳಿ, ಬಾಣ, ಹೊಳೆಯುವ ಅಕ್ಷರ. ತಾಯಿ ಒಂದು ಪುಸ್ತಕದ ವಿಷಯದಲ್ಲಿ ಸರಿಯಾಗಿದ್ದರು, ಇನ್ನೊಂದರ ವಿಷಯದಲ್ಲಿ ಅಲ್ಲ. ಆದ್ದರಿಂದಲೇ ಈ ಹೆಸರುಗಳನ್ನು ನಾವು ತಿಳಿದುಕೊಳ್ಳುವುದು ಅವಶ್ಯಕ. ಅದು ಪಂಡಿತರಿಗೆ ಬಿಟ್ಟ ಕೆಲಸವಲ್ಲ. ಡಬ್ಬಿಯ ಮೇಲೆ ಚೀಟಿ ಅಂಟಿಸಿದಷ್ಟೇ ಮನೆವಾರ್ತೆಯ ಕೆಲಸ.

ಆದರೆ ಅಂಗಡಿಯವರು ಅಂಟಿಸಿದ ಚೀಟಿಗಳು ನನಗೆ ಅಷ್ಟು ಪ್ರಯೋಜನಕ್ಕೆ ಬರಲಿಲ್ಲ. ಕೆಲವು ಹೆಸರುಗಳು ಕತೆ ನಡೆಯುವ ಸ್ಥಳವನ್ನು ಹೇಳುತ್ತವೆ, ಕೆಲವು ಕತೆಯ ಭಾವವನ್ನು, ಇನ್ನು ಕೆಲವು ಓದುವವರ ವಯಸ್ಸನ್ನು. ಒಂದೇ ಪುಸ್ತಕಕ್ಕೆ ಮೂರು ಚೀಟಿ ಅಂಟುವುದೂ ಉಂಟು. ಇದನ್ನು ಸ್ವಲ್ಪ ಬಿಡಿಸಿ ನೋಡಿದರೆ ಎರಡು ಪ್ರಶ್ನೆ ಸಾಕು ಎಂದು ನನಗೆ ತೋರುತ್ತದೆ. ಮೊದಲನೆಯದು, ಮಾಯೆಯ ಹೊಸ್ತಿಲು ಎಲ್ಲಿದೆ? ಎರಡನೆಯದು, ಅದ್ಭುತದ ಜೊತೆಗೆ ಬೆರೆತಿರುವ ರಸ ಯಾವುದು?

ಹೊಸ್ತಿಲಿನ ಪ್ರಶ್ನೆಯನ್ನು ನಾನೇ ಹುಟ್ಟಿಸಿದ್ದಲ್ಲ. ಬ್ರಿಟನ್ನಿನ ಫರಾ ಮೆಂಡಲ್ಸನ್ ಎಂಬ ವಿಮರ್ಶಕರು 2008ರಲ್ಲಿ ಬರೆದ ಪುಸ್ತಕದಲ್ಲಿ, ಅದ್ಭುತವು ಕತೆಯೊಳಗೆ ಹೇಗೆ ಪ್ರವೇಶಿಸುತ್ತದೆ ಎಂಬುದರ ಮೇಲೆ ಫ್ಯಾಂಟಸಿಯನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ನಾವೇ ಬಾಗಿಲು ದಾಟಿ ಮಾಯೆಯ ಲೋಕಕ್ಕೆ ಹೋಗುವುದು. ಬಾಗಿಲೇ ಇಲ್ಲದೆ ಮೊದಲಿನಿಂದಲೂ ಆ ಲೋಕದಲ್ಲೇ ಮುಳುಗಿರುವುದು. ಮಾಯೆಯೇ ನಮ್ಮ ಲೋಕದೊಳಗೆ ನುಗ್ಗುವುದು. ಇನ್ನು ನಾಲ್ಕನೆಯದು ಹೊಸ್ತಿಲ ಮೇಲೆಯೇ ನಿಂತು, ಇದು ಮಾಯೆಯೋ ಅಲ್ಲವೋ ಎಂದು ತಿಳಿಯದಂತಿರುವುದು. ಬೆಳಗೆದ್ದು ಹೊಸ್ತಿಲು ತೊಳೆದು ರಂಗೋಲಿ ಎಳೆಯುವ ನಮಗೆ ಈ ವಿಂಗಡಣೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಳಗೆ ಯಾರು ಬರಬೇಕು, ಹೊರಗೆ ಯಾರು ಹೋಗಬೇಕು ಎಂಬುದೇ ಹೆಣ್ಣಿನ ಅರ್ಧ ಆಯುಸ್ಸಿನ ಪ್ರಶ್ನೆ.

ಬಾಗಿಲಿಲ್ಲದ ಲೋಕವನ್ನೇ ಮೊದಲು ನೋಡೋಣ. ಇದನ್ನು ಸಾಮಾನ್ಯವಾಗಿ ಹೈ ಫ್ಯಾಂಟಸಿ ಅಥವಾ ಎಪಿಕ್ ಫ್ಯಾಂಟಸಿ ಎನ್ನುತ್ತಾರೆ. ಅಮೆರಿಕದ ಮಕ್ಕಳ ಲೇಖಕ ಲಾಯ್ಡ್ ಅಲೆಕ್ಸಾಂಡರ್ 1971ರ ಒಂದು ಪ್ರಬಂಧದಲ್ಲಿ ‘ಹೈ ಫ್ಯಾಂಟಸಿ’ ಎಂಬ ಹೆಸರನ್ನು ಬಳಕೆಗೆ ತಂದರು. ಅದರ ದೊಡ್ಡ ಉದಾಹರಣೆ ಜೆ.ಆರ್.ಆರ್. ಟಾಲ್ಕಿನ್. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. 1937ರಲ್ಲಿ ‘ದಿ ಹಾಬಿಟ್’, 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪ್ರಕಟವಾದವು. ಈ ಬಗೆಯ ಕತೆಯ ಲಕ್ಷಣಗಳೆಲ್ಲ ಅದರಲ್ಲಿ ಸ್ಪಷ್ಟವಾಗಿವೆ. ಆ ಲೋಕಕ್ಕೆ ಅದರದೇ ನಕ್ಷೆಯಿದೆ, ಭಾಷೆಗಳಿವೆ, ಸಾವಿರಾರು ವರ್ಷಗಳ ಇತಿಹಾಸವಿದೆ. ಪಣಕ್ಕಿಟ್ಟಿರುವುದು ಒಬ್ಬನ ಸುಖವನ್ನಲ್ಲ, ಇಡೀ ಲೋಕದ ಉಳಿವನ್ನು. ಹೊರೆ ಹೊರುವವನು ಮಹಾವೀರನಲ್ಲ, ತೋಟ, ಊಟ, ಹೊಗೆಬತ್ತಿ ಎಂದುಕೊಂಡು ಸುಖವಾಗಿದ್ದ ಗಿಡ್ಡ ಮನುಷ್ಯ.

ಟಾಲ್ಕಿನ್ ಕತೆ ಬರೆದದ್ದಷ್ಟೇ ಅಲ್ಲ, ಇಂಥ ಕತೆ ಯಾಕೆ ಬೇಕು ಎಂದೂ ಯೋಚಿಸಿದವರು. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಅವರು ಮಾಡಿದ ಭಾಷಣದಲ್ಲಿ ಎರಡು ಮಾತು ಮುಖ್ಯ. ಒಂದು, ಕಲ್ಪಿತ ಲೋಕಕ್ಕೆ ಅದರದೇ ಕಟ್ಟುಪಾಡು ಇರಬೇಕು, ಒಳಗಿನ ನಿಯಮ ಒಡೆದರೆ ಓದುಗನ ನಂಬಿಕೆ ಒಡೆಯುತ್ತದೆ. ಇನ್ನೊಂದು, ಇಂಥ ಕತೆಗಳನ್ನು ಪಲಾಯನ ಎಂದು ಬೈಯುವವರಿಗೆ ಕೊಟ್ಟ ಉತ್ತರ. ಸೆರೆಯಲ್ಲಿರುವವನು ಮನೆಯ ದಾರಿಯನ್ನು ನೆನೆಯುವುದೂ ಸೈನಿಕ ರಣರಂಗ ಬಿಟ್ಟು ಓಡುವುದೂ ಒಂದೇ ಅಲ್ಲ ಎಂಬುದು ಅವರ ವಾದ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅರ್ಧ ಗಂಟೆ ಕಾದಂಬರಿ ಹಿಡಿದು ಕೂತವಳನ್ನು ‘ಕೆಲಸವಿಲ್ಲವೇ?’ ಎಂದು ಕೇಳುವವರಿಗೆ ಈ ಮಾತು ಮುಟ್ಟಬೇಕು.

ದೊಡ್ಡ ಮಾದರಿಯನ್ನು ನಕಲು ಮಾಡುವವರು ಬಂದೇ ಬರುತ್ತಾರೆ. ಟಾಲ್ಕಿನ್ ನಂತರ ನಕ್ಷೆ, ಪ್ರವಾಸ, ಕರಾಳ ಒಡೆಯ ಇವಿಷ್ಟನ್ನು ಜೋಡಿಸಿದ ಸಂಪುಟಗಳು ರಾಶಿ ರಾಶಿ ಬಂದವು. ಡಯಾನಾ ವಿನ್ ಜೋನ್ಸ್ ಎಂಬ ಇಂಗ್ಲಿಷ್ ಲೇಖಕಿ 1996ರಲ್ಲಿ ಇವುಗಳನ್ನು ಗೇಲಿ ಮಾಡಿ ಪ್ರವಾಸಿ ಕೈಪಿಡಿಯ ಧಾಟಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಲೋಕದಲ್ಲಿ ಯಾವಾಗಲೂ ತಿನ್ನಲು ಸಿಗುವುದು ಸ್ಟ್ಯೂ ಒಂದೇ ಎಂದು ಆಕೆ ತಮಾಷೆ ಮಾಡುತ್ತಾರೆ. ಮಾಂಸ, ಗಡ್ಡೆ ಎಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಬೇಕಾದ ಆ ಅಡಿಗೆಯನ್ನು ದಾರಿಯಲ್ಲಿ ಓಡುತ್ತಿರುವವರು ಯಾವಾಗ ಬೇಯಿಸುತ್ತಾರೆ? ಓದಿ ನಾನು ಜೋರಾಗಿ ನಕ್ಕೆ. ಅಡಿಗೆ ಮಾಡಿ ಗೊತ್ತಿರುವವರ ಕಣ್ಣಿಗೆ ಮಾತ್ರ ಬೀಳುವ ದೋಷ ಅದು. ಲೋಕವನ್ನು ಕಟ್ಟುವವರು ಒಲೆಯ ಲೆಕ್ಕವನ್ನೂ ಇಡಬೇಕು.

ಎರಡನೆಯದು ಬಾಗಿಲು ದಾಟುವ ಕತೆ, ಅಂದರೆ ಪೋರ್ಟಲ್ ಫ್ಯಾಂಟಸಿ. 1865ರಲ್ಲಿ ಲೂಯಿಸ್ ಕ್ಯಾರೊಲ್‌ನ ಆಲಿಸ್ ಮೊಲದ ಬಿಲದೊಳಗೆ ಬಿದ್ದಳು. 1900ರಲ್ಲಿ ಬಾಮ್‌ನ ಡೊರೊತಿಯನ್ನು ಸುಂಟರಗಾಳಿ ಎತ್ತಿಕೊಂಡು ಆಜ್ ದೇಶಕ್ಕೆ ಹಾಕಿತು. 1950ರಲ್ಲಿ ನಾರ್ನಿಯಾದ ಲೂಸಿ ಬಟ್ಟೆಯ ಬೀರುವಿನೊಳಗೆ ಹೊಕ್ಕು ಹಿಮ ಸುರಿಯುವ ಕಾಡಿಗೆ ಹೋದಳು. ನಮಗೂ ಇದು ಹೊಸದಲ್ಲ. ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯಿಂದ ಕುವೆಂಪು ಕನ್ನಡಕ್ಕೆ ಕರೆತಂದ ಕಿಂದರಿಜೋಗಿಯ ಹಿಂದೆ ಮಕ್ಕಳು ಹೋದದ್ದೂ ಬೆಟ್ಟದಲ್ಲಿ ತೆರೆದ ಬಾಗಿಲಿನೊಳಕ್ಕೇ.

ಈ ಬಗೆಯ ಲಕ್ಷಣ, ನಮ್ಮಂಥವರೇ ಹೋಗಿ, ಆ ಲೋಕವನ್ನು ಬೆರಗಿನಿಂದ ನೋಡಿ, ಸಾಮಾನ್ಯವಾಗಿ ಹಿಂದಿರುಗುವುದು. ಮರಳುವಾಗ ಏನನ್ನು ತರುತ್ತಾರೆ, ಏನನ್ನು ಬಿಟ್ಟು ಬರುತ್ತಾರೆ ಎನ್ನುವುದರಲ್ಲಿ ಕತೆಯ ಬೆಲೆ ಗೊತ್ತಾಗುತ್ತದೆ. ಆಜ್ ದೇಶದ ವೈಭವವನ್ನೆಲ್ಲ ನೋಡಿದ ಡೊರೊತಿಗೆ ಬೇಕಾದದ್ದು ಕ್ಯಾನ್ಸಾಸಿನ ಬರಡು ಬಯಲಿನಲ್ಲಿರುವ ತನ್ನ ಎಮ್ ಚಿಕ್ಕಮ್ಮನ ಮನೆ. ನಾರ್ನಿಯಾದ ನಾಲ್ಕು ಮಕ್ಕಳು ಅಲ್ಲಿ ರಾಜರಾಣಿಯರಾಗಿ ಬೆಳೆದು ದೊಡ್ಡವರಾಗುತ್ತಾರೆ. ಬೀರುವಿನಿಂದ ಈಚೆ ಬಂದರೆ ಇಲ್ಲಿ ಒಂದು ಗಳಿಗೆಯೂ ಕಳೆದಿಲ್ಲ, ಮತ್ತೆ ಮಕ್ಕಳೇ. ಎಂಟನೇ ತರಗತಿಯ ಆ ಹುಡುಗಿಗೆ ನಾನು ಹಿಂದಕ್ಕೆ ಕೊಟ್ಟದ್ದು ಈ ಪುಸ್ತಕವನ್ನು. ಇನ್ನೊಂದನ್ನು ಬೀರುವಿನ ಮೇಲಿನ ಅರೆಯಲ್ಲಿಟ್ಟೆ.

ಆದರೆ ನಾರ್ನಿಯಾ ಮಾಲೆಯ ಬಗ್ಗೆ ನನಗೊಂದು ತಕರಾರಿದೆ. ಏಳನೆಯ ಹಾಗೂ ಕೊನೆಯ ಪುಸ್ತಕ ‘ದಿ ಲಾಸ್ಟ್ ಬ್ಯಾಟಲ್’ 1956ರಲ್ಲಿ ಬಂತು. ಅದರಲ್ಲಿ ಹಳಬರೆಲ್ಲ ಶಾಶ್ವತವಾದ ನಾರ್ನಿಯಾಕ್ಕೆ ಸೇರುತ್ತಾರೆ, ಸೂಸನ್ ಒಬ್ಬಳು ಮಾತ್ರ ಇಲ್ಲ. ಅವಳಿಗೆ ಈಗ ನಾರ್ನಿಯಾ ಬರೀ ಬಾಲ್ಯದ ಆಟವಾಗಿ ಕಾಣುತ್ತದಂತೆ. ನೈಲಾನ್ ಕಾಲುಚೀಲ, ಲಿಪ್‌ಸ್ಟಿಕ್, ಪಾರ್ಟಿಯ ಆಮಂತ್ರಣ ಇವುಗಳಲ್ಲೇ ಆಸಕ್ತಿಯಂತೆ. ಮೂರು ನಾಲ್ಕು ವಾಕ್ಯಗಳಲ್ಲಿ ಅವಳ ವಿಷಯ ಮುಗಿಯುತ್ತದೆ. ಅವಳು ಅಹಂಕಾರಿಯಾದಳು, ನಂಬಿಕೆ ಬಿಟ್ಟಳು, ಅದಕ್ಕೇ ಹೊರಗುಳಿದಳು ಎಂದು ಲೂಯಿಸ್ ಪರವಾಗಿ ಹೇಳುವವರಿದ್ದಾರೆ. ಇರಬಹುದು. ಆದರೂ ಹುಡುಗಿ ದೊಡ್ಡವಳಾದಳು ಎಂಬುದನ್ನು ಲಿಪ್‌ಸ್ಟಿಕ್ಕಿನಿಂದ ಅಳೆದು ಬಾಗಿಲು ಹಾಕಿಬಿಡುವುದು ನನಗೆ ಹಿಡಿಸಲಿಲ್ಲ. ಒಂಬತ್ತನೇ ತರಗತಿಗೆ ಬರುವಾಗ ಹುಡುಗಿಯರು ಆಟದ ಮೈದಾನದ ಅಂಚಿಗೆ ಸರಿದು ನಿಲ್ಲುವುದನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಅವರಿಗಾಗಿ ಮುಚ್ಚುವ ಬಾಗಿಲುಗಳು ಬೇಕಾದಷ್ಟಿವೆ. ಕತೆಯೂ ಒಂದು ಬಾಗಿಲು ಮುಚ್ಚಬೇಕೆ?

ಮೂರನೆಯದು, ಮಾಯೆಯೇ ಮನೆಗೆ ಬರುವ ಕತೆ. ಲೋ ಫ್ಯಾಂಟಸಿ ಎಂದು ಕರೆಯುವುದು ಮುಖ್ಯವಾಗಿ ಇದನ್ನು. ‘ಲೋ’ ಎಂದರೆ ಕೀಳು ಎಂದಲ್ಲ. ಕತೆಯ ನೆಲ ನಮ್ಮದೇ, ಮಾಯೆ ಅತಿಥಿ, ಅಷ್ಟೆ. ಪಿ.ಎಲ್. ಟ್ರಾವರ್ಸ್ 1934ರಲ್ಲಿ ಸೃಷ್ಟಿಸಿದ ಮೇರಿ ಪಾಪಿನ್ಸ್ ಪೂರ್ವದ ಗಾಳಿಯ ಜೊತೆ ಲಂಡನ್ನಿನ ಒಂದು ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಬಂದು, ಪಶ್ಚಿಮದ ಗಾಳಿ ಬೀಸಿದಾಗ ಹೊರಟುಹೋಗುತ್ತಾಳೆ. ಮಾಯೆ ಮನೆಯ ಬದಲು ಊರಿಗೇ ಬಂದರೆ ಅದು ಅರ್ಬನ್ ಫ್ಯಾಂಟಸಿ. ಚಾರ್ಲ್ಸ್ ಡಿ ಲಿಂಟ್ 1984ರಲ್ಲಿ ಕೆನಡಾದ ಆಟವಾ ನಗರವನ್ನೂ, ಎಮ್ಮಾ ಬುಲ್ 1987ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರವನ್ನೂ ಹೀಗೆ ಬಳಸಿಕೊಂಡರು. ಎಮ್ಮಾ ಬುಲ್ ಅವರ ನಾಯಕಿ ಒಬ್ಬ ಹಾಡುಗಾರ್ತಿ. ಅವಳಿರುವ ಊರಿನ ಉದ್ಯಾನದಲ್ಲೇ ಯಕ್ಷರಂಥವರ ಯುದ್ಧ ನಡೆಯುತ್ತದೆ. ಜೆ.ಕೆ. ರೌಲಿಂಗ್ 1997ರಿಂದ 2007ರವರೆಗೆ ಬರೆದ ಹ್ಯಾರಿ ಪಾಟರ್‌ನ ಏಳು ಪುಸ್ತಕಗಳು ಇವೆರಡರ ನಡುವೆ ಇವೆ. ರೈಲು ನಿಲ್ದಾಣದ ಗೋಡೆ ದಾಟಿ ಹೋಗುವಾಗ ಅದು ಬಾಗಿಲಿನ ಕತೆ. ಮಾಂತ್ರಿಕರು ಲಂಡನ್ನಿನ ಬೀದಿಯಲ್ಲೇ ಕಣ್ಣಿಗೆ ಬೀಳದಂತೆ ಬದುಕುವಾಗ ಅದು ಮನೆಗೆ ಬಂದ ಮಾಯೆ. ಚೀಟಿ ಎರಡಾದರೂ ಪುಸ್ತಕಕ್ಕೆ ಅದರಿಂದ ಕೊರತೆಯಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಗಿರೀಶ ಕಾರ್ನಾಡರ ‘ನಾಗಮಂಡಲ’ 1988ರ ನಾಟಕ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳು ಅದಕ್ಕೆ ಆಧಾರ. ಗಂಡ ರಾಣಿಯನ್ನು ಮನೆಯೊಳಗೆ ಕೂಡಿ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ನಾಗ ಬರುವುದು ಬಚ್ಚಲಿನ ತೂಬಿನಿಂದ, ಗಂಡನ ರೂಪದಲ್ಲಿ. ಹಗಲು ಬೈಯುವವನು ರಾತ್ರಿ ಯಾಕಿಷ್ಟು ಅಕ್ಕರೆ ತೋರುತ್ತಾನೆ ಎಂದು ರಾಣಿಗೆ ತಿಳಿಯದು, ಕೇಳುವಂತೆಯೂ ಇಲ್ಲ. ಇದನ್ನು ಮತ್ತೆ ಓದಿದಾಗ ನನಗೆ ಹೊಳೆದದ್ದು ಇಷ್ಟು. ಗಂಡುಮಕ್ಕಳ ಕತೆಯಲ್ಲಿ ರಾಜಕುಮಾರ ಕುದುರೆ ಏರಿ ಏಳು ಸಮುದ್ರ ದಾಟಿ ಮಾಯೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಹೆಂಗಸರು ಒಲೆಯ ಮುಂದೆ ಹೇಳಿಕೊಂಡ ಕತೆಯಲ್ಲಿ ಹಾಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಮಾಯೆಯೇ ತೂಬಿನಿಂದ ಒಳಗೆ ಬರಬೇಕು. ಇಂಗ್ಲಿಷಿನವರು ಬೇರೆ ಬೇರೆ ಪ್ರಕಾರ ಎಂದು ಕರೆಯುವುದರ ಹಿಂದೆ, ಹೊರಗೆ ಹೋಗುವ ಸ್ವಾತಂತ್ರ್ಯ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬ ಲೆಕ್ಕವೂ ಅಡಗಿರಬಹುದು.

ನಾಲ್ಕನೆಯದು ಹೊಸ್ತಿಲ ಮೇಲೆ ನಿಲ್ಲುವ ಕತೆ. ಫ್ರಾನ್ಸಿನ ವಿಮರ್ಶಕ ತೊದೊರೊವ್ 1970ರಲ್ಲೇ, ಓದುಗನ ಅನುಮಾನವೇ ಇಂಥ ಕತೆಯ ಜೀವ ಎಂದಿದ್ದರು. ನಡೆದದ್ದು ನಿಜವೋ, ಮನಸ್ಸಿನ ಭ್ರಮೆಯೋ? ಹೇಳಿಬಿಟ್ಟರೆ ಕತೆ ಕೆಡುತ್ತದೆ. ಇದರ ನೆರೆಮನೆಯಲ್ಲಿರುವುದು ಮಾಂತ್ರಿಕ ವಾಸ್ತವ. ಆದರೆ ಅಲ್ಲಿ ಅನುಮಾನಕ್ಕೇ ಎಡೆಯಿಲ್ಲ. ಮಾರ್ಕ್ವೆಜ್‌ನ 1967ರ ‘ನೂರು ವರ್ಷಗಳ ಏಕಾಂತ’ ಕಾದಂಬರಿಯಲ್ಲಿ ಹೊದಿಕೆ ಮಡಿಸುತ್ತಿದ್ದ ಚೆಲುವೆ ರೆಮಿಡಿಯೋಸ್ ಹಾಗೆಯೇ ಆಕಾಶಕ್ಕೆ ಏರಿಹೋಗುತ್ತಾಳೆ. ಆ ಮನೆಯ ಸೊಸೆ ಫರ್ನಾಂಡಾಳ ಚಿಂತೆ, ಅವಳ ಜೊತೆ ಹೊದಿಕೆಗಳೂ ಹೋದವಲ್ಲಾ ಎಂದು! ಫ್ಯಾಂಟಸಿಯಲ್ಲಿ ಜನ ಮಾಯೆಯನ್ನು ಕಂಡು ಬೆರಗಾಗುತ್ತಾರೆ. ಇಲ್ಲಿ ಬಟ್ಟೆಯ ಲೆಕ್ಕ ಹಾಕುತ್ತಾರೆ. ಇವೆರಡನ್ನು ಒಂದೇ ಎನ್ನದಿರಲು ಈ ಒಂದು ಪ್ರಸಂಗವೇ ಸಾಕು.

ಹೊಸ್ತಿಲಿನ ಮಾತು ಇಷ್ಟಾಯಿತು. ಇನ್ನು ರಸದ ಮಾತು. ಬಿ.ಎ. ಓದುವಾಗ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗೆಂದು ಉರುಹೊಡೆದ ನನಗೆ ಅದು ಇಲ್ಲಿ ಕೆಲಸಕ್ಕೆ ಬಂತು. ಅದ್ಭುತ ರಸದ ಸ್ಥಾಯಿ ವಿಸ್ಮಯ. ಫ್ಯಾಂಟಸಿಗೆಲ್ಲ ಅದೇ ತಳ. ಅದರ ಮೇಲೆ ಇನ್ನೊಂದು ರಸ ಏರಿದಾಗ ಅಂಗಡಿಯವರು ಹೊಸ ಹೆಸರು ಹುಡುಕುತ್ತಾರೆ.

ವೀರ ಬೆರೆತರೆ ಅದು ಸ್ವೋರ್ಡ್ ಅಂಡ್ ಸಾರ್ಸರಿ, ಕತ್ತಿ ಮತ್ತು ಮಾಟದ ಕತೆ. ಈ ಹೆಸರು ಇಟ್ಟವರು ಫ್ರಿಟ್ಜ್ ಲೈಬರ್, 1961ರಲ್ಲಿ. ಆದರೆ ಕತೆಗಳು ಅದಕ್ಕಿಂತ ಹಳೆಯವು. ಅಮೆರಿಕದ ಟೆಕ್ಸಸ್‌ನ ರಾಬರ್ಟ್ ಹೋವರ್ಡ್ ಸೃಷ್ಟಿಸಿದ ಕೋನನ್ ಎಂಬ ಕಟ್ಟಾಳು 1932ರಲ್ಲಿ ಒಂದು ಅಗ್ಗದ ಮಾಸಪತ್ರಿಕೆಯಲ್ಲಿ ಕಾಣಿಸಿಕೊಂಡ. ಇಲ್ಲಿ ಲೋಕವನ್ನು ಉಳಿಸುವ ಹೊರೆಯಿಲ್ಲ. ಒಬ್ಬ ಬಲಶಾಲಿ, ಒಂದು ಗಂಡಾಂತರ, ಒಂದು ನಿಧಿ. ಕತೆ ಚಿಕ್ಕದು, ಓಟ ಜೋರು. ಟಾಲ್ಕಿನ್‌ನ ಜೊತೆ ಇಟ್ಟು ನೋಡಿದರೆ ಪುರಾಣದ ಮುಂದೆ ಕುಸ್ತಿಯ ಅಖಾಡ ನೋಡಿದಂತೆ. ಕುಸ್ತಿಗೂ ಅದರದೇ ಅಂದವಿದೆ ಎನ್ನಿ.

ಬೀಭತ್ಸವೂ ರೌದ್ರವೂ ಮೇಲಾದರೆ ಗ್ರಿಮ್‌ಡಾರ್ಕ್. ಇದರ ಹೆಸರು ಬಂದದ್ದು ಯುದ್ಧದ ಗೊಂಬೆಗಳಿಟ್ಟು ಆಡುವ ಒಂದು ಇಂಗ್ಲಿಷ್ ಆಟದ ಘೋಷಣೆಯಿಂದ. ಒಳ್ಳೆಯವರು ಗೆಲ್ಲುತ್ತಾರೆಂಬ ಭರವಸೆ ಇಲ್ಲಿ ಇಲ್ಲ. ರಾಜನೆಂದರೆ ಹೆಚ್ಚು ಕ್ರೂರನಾದವನು. ಜಾರ್ಜ್ ಆರ್.ಆರ್. ಮಾರ್ಟಿನ್ 1996ರಲ್ಲಿ ಆರಂಭಿಸಿದ ಮಾಲೆಯನ್ನು ಹಲವರು ಇದರೊಂದಿಗೆ ಹೆಸರಿಸುತ್ತಾರೆ. 2011ರಿಂದ 2019ರವರೆಗೆ ಅದು ಟಿ.ವಿ. ಧಾರಾವಾಹಿಯೂ ಆಯಿತು. ಇದು ದೊಡ್ಡವರ ಓದು. ಶೃಂಗಾರ ಬೆರೆತರೆ ರೊಮ್ಯಾಂಟಸಿ. ಆ ತಾಯಿ ತಂದ ಎರಡನೆಯ ಪುಸ್ತಕ ಈ ಬಗೆಯದು. ಇದರಲ್ಲಿ ಡ್ರ್ಯಾಗನ್ನೂ ಯುದ್ಧವೂ ಎಷ್ಟೇ ಇರಲಿ, ಅವಳಿಗೂ ಅವನಿಗೂ ಏನಾಯಿತು ಎಂಬುದೇ ಕತೆಯ ಬೆನ್ನೆಲುಬು. ನಗುವವರು ನಗಲಿ, ಹೆಂಗಸರು ಬರೆದು ಹೆಂಗಸರು ಕೊಂಡು ಓದುವ ಈ ಪ್ರಕಾರವನ್ನು ನಾನು ಹಗುರವಾಗಿ ಕಾಣಲಾರೆ. ಹದಿಮೂರರ ಹುಡುಗಿಯ ಕೈಗೆ ಕೊಡಲಾರೆ, ಅಷ್ಟೆ.

ಹಾಸ್ಯ ಬೆರೆತರೆ ಟೆರ್ರಿ ಪ್ರಾಚೆಟ್. 1983ರಿಂದ ಆರಂಭಿಸಿ ಆತ ಬರೆದ ಡಿಸ್ಕ್‌ವರ್ಲ್ಡ್ ಮಾಲೆಯಲ್ಲಿ 41 ಕಾದಂಬರಿಗಳಿವೆ. 2003ರ ಒಂದು ಪುಸ್ತಕದಲ್ಲಿ ಟಿಫನಿ ಎಂಬ ಒಂಬತ್ತು ವರ್ಷದ ಹುಡುಗಿ, ಯಕ್ಷರಾಣಿ ಕದ್ದೊಯ್ದ ತಮ್ಮನನ್ನು ಬಿಡಿಸಿಕೊಂಡು ಬರಲು ಹೊರಡುತ್ತಾಳೆ. ಅವಳ ಆಯುಧ ಬಾಣಲೆ! ತಮಾಷೆಯಾಗಿ ಕಂಡರೂ ಅದರೊಳಗೆ ಒಂದು ತೀರ್ಮಾನವಿದೆ. ವೀರಳಾಗಲು ಹುಡುಗಿ ಅಡಿಗೆಮನೆಯನ್ನು ತುಚ್ಛವೆಂದು ಬಿಸಾಡಬೇಕಿಲ್ಲ, ಅದರೊಳಗೇ ಕೂತಿರಲೂ ಬೇಕಿಲ್ಲ. ಇನ್ನು ಶಾಂತ ಬೆರೆತದ್ದು ಈಚಿನ ಕೋಜಿ ಫ್ಯಾಂಟಸಿ. ಟ್ರಾವಿಸ್ ಬಾಲ್ಡ್ರಿ 2022ರಲ್ಲಿ ಬರೆದ ಕಾದಂಬರಿಯಲ್ಲಿ ಯುದ್ಧ ಮಾಡಿ ಸಾಕಾದ ಒಬ್ಬ ರಾಕ್ಷಸಿ ಕತ್ತಿ ಕೆಳಗಿಟ್ಟು ಕಾಫಿ ಅಂಗಡಿ ತೆರೆಯುತ್ತಾಳೆ. ಲೋಕಕ್ಕೆ ಅಪಾಯವಿಲ್ಲ, ಕಾಫಿ ಚೆನ್ನಾಗಿ ಬಂದರೆ ಸಾಕು. ಒಂದೇ ಕುಳಿತದಲ್ಲಿ ಓದಿಸಿಕೊಂಡು ಹೋಗುತ್ತದೆ. ಆದರೆ ಕಷ್ಟವೆಂಬುದು ತುಸು ಸುಲಭವಾಗಿ ಕರಗುತ್ತದೆ ಎಂದು ನನಗನ್ನಿಸಿತು.

ಹೀಗೆ ಹೊಸ್ತಿಲು ಮತ್ತು ರಸ ಎರಡನ್ನೂ ನೋಡಿದರೆ ಪುಸ್ತಕದ ಪ್ರಕಾರ ಗೊತ್ತಾಗುತ್ತದೆ. ಅದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಮಾತ್ರ ಮೂರನೆಯ ಪ್ರಶ್ನೆ ಬೇಕು. ಮಾಯೆಗೆ ಬೆಲೆ ತೆತ್ತವರು ಯಾರು? ಪುಕ್ಕಟೆಯಾಗಿ ಸಿಗುವ ಮಾಯೆ ಬೇಗ ಹಳಸುತ್ತದೆ. ಟಾಲ್ಕಿನ್‌ನ ಫ್ರೋಡೊ ಲೋಕವನ್ನು ಉಳಿಸಿ ಮನೆಗೆ ಬಂದರೂ ಅವನ ಗಾಯ ಮಾಯುವುದಿಲ್ಲ. ಕೊನೆಗೆ ಹಡಗು ಹತ್ತಿ ಹೋಗಬೇಕಾಗುತ್ತದೆ. ಅವನ ಜೊತೆಗಾರ ಸ್ಯಾಮ್ ಮನೆಗೆ ಮರಳಿದಾಗ ಹೆಂಡತಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮಗುವನ್ನು ತೊಡೆಯ ಮೇಲೆ ಇಡುತ್ತಾಳೆ. ಸಾವಿರ ಪುಟದ ಯುದ್ಧ ಅಲ್ಲಿ ಬಂದು ನಿಲ್ಲುತ್ತದೆ. ಅಷ್ಟು ದಿನ ಆ ಮನೆಯ ದೀಪ ಆರದಂತೆ ನೋಡಿಕೊಂಡವರ ಕತೆಯನ್ನು ಮಾತ್ರ ಟಾಲ್ಕಿನ್ ಬರೆಯಲಿಲ್ಲ.

ಅದನ್ನು ಬರೆದವರು ಅಮೆರಿಕದ ಉರ್ಸುಲಾ ಲೆ ಗ್ವಿನ್. ಈಕೆ ಬದುಕಿದ್ದು 1929ರಿಂದ 2018ರವರೆಗೆ. 1968ರಿಂದ 1972ರ ನಡುವೆ ಅರ್ಥ್‌ಸೀ ಎಂಬ ದ್ವೀಪಲೋಕದ ಮೂರು ಕಾದಂಬರಿ ಬರೆದರು. ಅಲ್ಲಿ ವಸ್ತುವಿನ ನಿಜನಾಮ ಬಲ್ಲವನಿಗೆ ಅದರ ಮೇಲೆ ಅಧಿಕಾರ. ಒಂದನ್ನು ಬದಲಿಸಿದರೆ ಲೋಕದ ಸಮತೂಕ ಅಷ್ಟು ಅಲುಗುತ್ತದೆ. ಗೆಡ್ ಎಂಬ ಹುಡುಗ ಜಂಬದಿಂದ ಮಂತ್ರ ಹಾಕಿ ಒಂದು ನೆರಳನ್ನು ಲೋಕಕ್ಕೆ ಬಿಟ್ಟು, ಆ ನೆರಳನ್ನು ತಾನೇ ಎದುರಿಸಬೇಕಾಗುತ್ತದೆ. ಬೆಲೆಯ ಲೆಕ್ಕ ಇಷ್ಟು ಖಚಿತವಾಗಿರುವ ಕತೆಗಳು ಕಡಿಮೆ. ಆದರೆ ಆ ಲೋಕದ ಮಂತ್ರವಿದ್ಯೆಯ ಶಾಲೆಗೆ ಹುಡುಗರಿಗಷ್ಟೇ ಪ್ರವೇಶ. ಹೆಂಗಸರ ಮಂತ್ರವೆಂದರೆ ಕೈಲಾಗದ್ದು, ಕೆಟ್ಟದ್ದು ಎಂಬ ನಂಬಿಕೆ ಅಲ್ಲಿ ರೂಢಿಯಲ್ಲಿದೆ.

ಹದಿನೆಂಟು ವರ್ಷ ಕಳೆದು, 1990ರಲ್ಲಿ, ಲೆ ಗ್ವಿನ್ ಅದೇ ಲೋಕಕ್ಕೆ ‘ತೆಹಾನು’ ಕಾದಂಬರಿಯೊಡನೆ ಹಿಂದಿರುಗಿದರು. ಎರಡನೆಯ ಪುಸ್ತಕದಲ್ಲಿ ಗೋರಿಗಳ ಪೂಜಾರಿಣಿಯಾಗಿದ್ದ ಹುಡುಗಿ ಟೆನಾರ್ ಈಗ ನಡುವಯಸ್ಸಿನ ವಿಧವೆ, ಹೊಲಮನೆಯ ಒಡತಿ. ತನ್ನವರೇ ಬೆಂಕಿಗೆ ದೂಡಿದ, ಅರ್ಧ ಮುಖ ಸುಟ್ಟ ಒಂದು ಮಗುವನ್ನು ಸಾಕುತ್ತಿದ್ದಾಳೆ. ಮಹಾಮಾಂತ್ರಿಕ ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ಅವಳಿದ್ದಲ್ಲಿಗೆ ಬರುತ್ತಾನೆ, ಮೇಕೆ ಕಾಯುತ್ತಾನೆ. ಊರಿಗೆ ಮರಳಿದ ಮಗ, ಉಂಡ ತಟ್ಟೆ ತೊಳೆಯುವುದು ಹೆಂಗಸರ ಕೆಲಸ ಎನ್ನುವಂತೆ ಕೂತಿರುತ್ತಾನೆ. ಲೋಕವನ್ನು ಕಾಪಾಡಿದ ಗೆಡ್ ಎದ್ದು ತಟ್ಟೆ ತೊಳೆಯುತ್ತಾನೆ. ಡ್ರ್ಯಾಗನ್ನೂ ಬರುತ್ತದೆ. ಇದು ಫ್ಯಾಂಟಸಿಯೇ ಅಲ್ಲ, ಮೊದಲಿನ ಸೊಗಸು ಹೋಯಿತು ಎಂದು ಗೊಣಗಿದ ಓದುಗರೂ ಇದ್ದರು.

ನನಗೆ ಮಾತ್ರ ಆ ಪುಸ್ತಕದಲ್ಲಿ ಈ ಇಡೀ ಪ್ರಕಾರಕ್ಕೆ ಕಣ್ಣು ಬಂದಂತೆ ತೋರಿತು. ನಕ್ಷೆ ಅದೇ, ದ್ವೀಪ ಅದೇ, ನಿಯಮ ಅದೇ. ನೋಡುವವರು ಬದಲಾದರು, ಅಷ್ಟೆ. ಹೈ ಫ್ಯಾಂಟಸಿಯ ಲಕ್ಷಣಗಳನ್ನು ಹೇಳುವವರು ಕತ್ತಿ, ನಕ್ಷೆ, ಪ್ರವಾಸ ಎಂದು ಎಣಿಸುತ್ತಾರೆ. ಆ ಪಟ್ಟಿಗೆ ಸುಟ್ಟ ಮಗುವಿನ ಗಾಯಕ್ಕೆ ಎಣ್ಣೆ ಹಚ್ಚುವುದನ್ನೂ ಸೇರಿಸಬಹುದು, ಸೇರಿಸಿದರೂ ಅದ್ಭುತ ಕುಂದುವುದಿಲ್ಲ ಎಂದು ಆಕೆ ತೋರಿಸಿಕೊಟ್ಟರು. ಸೂಸನ್ನಳಿಗೆ ಮುಚ್ಚಿದ ಬಾಗಿಲನ್ನು ಟೆನಾರ್ ನಡುವಯಸ್ಸಿನಲ್ಲಿ ತೆರೆದಳು ಎಂದೇ ನನ್ನ ಭಾವನೆ. ದೊಡ್ಡವಳಾಗುವುದು ಮಾಯೆಯಿಂದ ಹೊರಬೀಳುವುದಲ್ಲ. ಮಾಯೆಯ ಭಾರ ಎಷ್ಟು, ಅದನ್ನು ಹೊರುವವರು ಯಾರು ಎಂದು ತಿಳಿಯುವುದು.

ಕನ್ನಡದ ‘ಚಂದಮಾಮ’ 1949ರಲ್ಲಿ ಆರಂಭವಾಗಿ, ನಮ್ಮ ಪೀಳಿಗೆಯನ್ನೆಲ್ಲ ಬೇತಾಳನ ಜೊತೆ ನಡೆಸಿಕೊಂಡು ಬಂದು, ಈಗ ನಿಂತುಹೋಗಿದೆ. ನಮ್ಮ ಮಕ್ಕಳು ಹೊಸ ಬೇತಾಳನನ್ನು ಇಂಗ್ಲಿಷಿನಲ್ಲಿ ಹುಡುಕಿಕೊಳ್ಳುತ್ತಿದ್ದಾರೆ. ಅವರ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದೂ ಸುಲಭ, ಓದುತ್ತಿದ್ದಾರಲ್ಲ ಎಂದು ಸುಮ್ಮನಿರುವುದೂ ಸುಲಭ. ಎರಡೂ ಬೇಡ. ಅವರು ಮಲಗಿದ ಮೇಲೆ ಆ ಪುಸ್ತಕವನ್ನು ನಾವೇ ಎತ್ತಿಕೊಂಡು ಇಪ್ಪತ್ತು ಪುಟ ಓದಬಹುದು. ಬಾಗಿಲು ಎಲ್ಲಿದೆ, ರಸ ಯಾವುದು, ಬೆಲೆ ತೆರುವವರು ಯಾರು ಎಂದು ಅಷ್ಟರಲ್ಲಿ ಅಂದಾಜಾಗುತ್ತದೆ. ಬೆಳಗ್ಗೆ ತಿಂಡಿ ಬಡಿಸುತ್ತಾ ‘ಆಮೇಲೇನಾಯ್ತು?’ ಎಂದು ಅವರನ್ನು ಕೇಳಿ ನೋಡಿ. ಸಮಾಜ ಪುಸ್ತಕದ ವಿಷಯ ಅದರ ಮರುದಿನ ಎತ್ತಿದರಾಯಿತು.